ಯಾವ ರಾಜಕುಮಾರ ನಮ್ಮವನು?

2026ರ ಜನವರಿಯಲ್ಲಿ ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ ತಾನು ಕಟ್ಟುತ್ತಿದ್ದ ಆರು ವಿಡಿಯೋ ಗೇಮ್‌ಗಳನ್ನು ಕೈಬಿಡುವುದಾಗಿ ಹೇಳಿತು. ಆ ಸುದ್ದಿಯಲ್ಲಿ ನನ್ನಂಥವರ ಕಣ್ಣು ಹೋಗಿ ನಿಂತದ್ದು ಒಂದೇ ಹೆಸರಿನ ಮೇಲೆ: ‘ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್’ ಎಂಬ 2003ರ ಆಟವನ್ನು ಹೊಸದಾಗಿ ಕಟ್ಟುವ ರೀಮೇಕ್. 2020ರ ಸೆಪ್ಟೆಂಬರ್‌ನಲ್ಲಿ ಘೋಷಣೆಯಾಗಿ, 2021ರ ಜನವರಿಯಲ್ಲಿ ಬರಬೇಕಿದ್ದ ಆಟವದು. ಮೊದಲು ಮಾರ್ಚ್‌ಗೆ ಹೋಯಿತು, ಆಮೇಲೆ ದಿನಾಂಕವೇ ಇಲ್ಲವಾಯಿತು, 2022ರಲ್ಲಿ ಬೇರೆ ಸ್ಟುಡಿಯೋದ ಕೈಗೆ ಹೋಯಿತು, 2024ರಲ್ಲಿ ಸಣ್ಣದೊಂದು ತುಣುಕು ತೋರಿಸಿ ‘2026’ ಎಂದರು. 2026 ಬಂತು, ಆಟ ಬರಲಿಲ್ಲ.

ಸುದ್ದಿ ಹೊರಬಿದ್ದ ಮೇಲೆ ಅಭಿಮಾನಿಗಳು ಆಡಿದ ಮಾತುಗಳನ್ನು ನಾನು ಬಹಳ ಹೊತ್ತು ಓದಿದೆ. ಒಬ್ಬರು ಅಳುತ್ತಿದ್ದರು. ಇನ್ನೊಬ್ಬರು, ಹಳೆಯ ಆಟವೇ ಚೆನ್ನಾಗಿದೆ, ಇದು ಬಾರದಿದ್ದದ್ದೇ ಒಳ್ಳೆಯದಾಯಿತು ಎಂದರು. ಮತ್ತೊಬ್ಬರು ಇದೇ ಸರಣಿಯ 2008ರ ಆಟದ ಮುಂದಿನ ಭಾಗ ಎಲ್ಲಿ ಎಂದು ಕೇಳಿದರು. ಆ ಪ್ರಶ್ನೆಯನ್ನು ಅವರು ವರ್ಷಗಳಿಂದಲೂ ಕೇಳುತ್ತಿರಬೇಕು. ‘ಅಭಿಮಾನಿಗಳು ಹೀಗೆ ಬಯಸುತ್ತಾರೆ’ ಎಂದು ಕಂಪನಿಗಳು ಹೇಳುವಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ. ಅಭಿಮಾನಿ ಎಂಬ ಒಬ್ಬ ಮನುಷ್ಯ ಎಲ್ಲಿಯೂ ಇಲ್ಲ. ಈ ‘ಪ್ರಿನ್ಸ್ ಆಫ್ ಪರ್ಷಿಯಾ’ ಸರಣಿಯೊಂದಕ್ಕೇ ಕನಿಷ್ಠ ನಾಲ್ಕು ತಲೆಮಾರಿನ ಅಭಿಮಾನಿಗಳಿದ್ದಾರೆ, ಪ್ರತಿಯೊಬ್ಬರಿಗೂ ತಾವು ಮೊದಲು ಕಂಡ ರಾಜಕುಮಾರನೇ ನಿಜವಾದ ರಾಜಕುಮಾರ. ಟ್ರೈಲರ್ ಬಂದ ದಿನ ಅವರೆಲ್ಲ ಎಬ್ಬಿಸುವ ಗದ್ದಲವನ್ನು ಗೇಮ್ ಉದ್ಯಮ ಚೆನ್ನಾಗಿ ಅಳೆಯುತ್ತದೆ. ಆದರೆ ಮೂವತ್ತೈದು ವರ್ಷ ಅವರನ್ನು ಈ ಆಟದ ಜೊತೆ ಕಟ್ಟಿಹಾಕಿದ್ದು ಏನು ಎಂಬುದನ್ನು ಅಳೆಯಲು ಅದಕ್ಕೆ ಇನ್ನೂ ಬಂದಿಲ್ಲ. ಈ ಸರಣಿಗೆ ಆದ ಪೆಟ್ಟುಗಳೆಲ್ಲ ಬಹುಪಾಲು ಅಲ್ಲಿಂದಲೇ ಬಂದವು ಎಂಬುದು ನನ್ನ ನಂಬಿಕೆ.

ಹಾಗಾದರೆ ಕಟ್ಟಿಹಾಕಿದ್ದು ಏನು? ಅದಕ್ಕೆ 1989ಕ್ಕೆ ಹೋಗಬೇಕು.

ಜೋರ್ಡನ್ ಮೆಕ್ನರ್ ಎಂಬ ಅಮೆರಿಕದ ತರುಣ ಕಾಲೇಜಿನಲ್ಲಿ ಓದುತ್ತಿರುವಾಗಲೇ ‘ಕರಾಟೆಕಾ’ ಎಂಬ ಆಟ ಬರೆದು ಹೆಸರು ಮಾಡಿದ್ದರು. ಮುಂದಿನ ಆಟಕ್ಕಾಗಿ ತಮ್ಮ ಡೇವಿಡ್‌ನಿಗೆ ಬಿಳಿ ಬಟ್ಟೆ ತೊಡಿಸಿ, ಕಾರು ನಿಲ್ಲಿಸುವ ಜಾಗವೊಂದರಲ್ಲಿ ಓಡಿಸಿ, ಹಾರಿಸಿ, ಗೋಡೆಗೆ ಜೋತುಬೀಳಿಸಿ ವಿಡಿಯೋ ತೆಗೆದರು. ಆ ವಿಡಿಯೋವನ್ನು ಚಿತ್ರ ಚಿತ್ರವಾಗಿ ಬಿಡಿಸಿ, ಗೆರೆ ಎಳೆದು, ಆಪಲ್ 2 ಕಂಪ್ಯೂಟರಿಗೆ ಇಳಿಸಿದರು. ಕತ್ತಿವರಸೆಗೆ 1938ರ ರಾಬಿನ್ ಹುಡ್ ಚಲನಚಿತ್ರದಲ್ಲಿ ಎರಾಲ್ ಫ್ಲಿನ್ ಮತ್ತು ಬೇಸಿಲ್ ರಾತ್‌ಬೋನ್ ಕಾದಾಡುವ ದೃಶ್ಯವನ್ನು ಆಧಾರ ಮಾಡಿಕೊಂಡರು. ಸಂಗೀತ ತಂದೆ ಫ್ರಾನ್ಸಿಸ್ ಮೆಕ್ನರ್ ಅವರದು. ಮನೆಮಂದಿಯೆಲ್ಲ ಸೇರಿ ಮಾಡಿದ ಈ ಕೆಲಸಕ್ಕೆ ಸುಮಾರು ನಾಲ್ಕು ವರ್ಷ ಹಿಡಿಯಿತು. ಬ್ರೋಡರ್‌ಬಂಡ್ ಕಂಪನಿ ಅದನ್ನು ಹೊರತಂದಾಗ ಆಪಲ್ 2ರ ಕಾಲವೇ ಮುಗಿಯುತ್ತ ಬಂದಿತ್ತು, ಮಾರಾಟ ಮಂದವಾಗಿತ್ತು. ಬೇರೆ ಬೇರೆ ಯಂತ್ರಗಳಿಗೆ ಹೋದ ಮೇಲೆಯೇ ಅದು ಜಗತ್ತನ್ನು ಸುತ್ತಿದ್ದು.

ಆ ಆಟದ ರಾಜಕುಮಾರನಿಗೆ ತೂಕವಿತ್ತು. ಅಲ್ಲಿಯವರೆಗಿನ ಆಟಗಳಲ್ಲಿ ಗುಂಡಿ ಒತ್ತಿದ ಕ್ಷಣವೇ ಗೊಂಬೆ ಮೇಲಕ್ಕೆ ಚಿಮ್ಮುತ್ತಿತ್ತು, ಗಾಳಿಯಲ್ಲಿಯೇ ದಿಕ್ಕು ಬದಲಿಸುತ್ತಿತ್ತು. ಇಲ್ಲಿ ಓಡುವವನು ನಿಲ್ಲಬೇಕೆಂದರೆ ಎರಡು ಹೆಜ್ಜೆ ಜಾರಿಯೇ ನಿಲ್ಲುತ್ತಾನೆ. ಹಾರಿದ ಮೇಲೆ ಹಾರಿದ್ದೇ. ನಡುವೆ ಮನಸ್ಸು ಬದಲಿಸುವಂತಿಲ್ಲ. ಎತ್ತರದಿಂದ ಬಿದ್ದರೆ ಸಾಯುತ್ತಾನೆ, ಶೂಲಗಳ ಮೇಲೆ ಓಡಿದರೆ ಸಾಯುತ್ತಾನೆ, ಮೆಲ್ಲನೆ ಹೆಜ್ಜೆ ಇಟ್ಟರೆ ಅವೇ ಶೂಲಗಳ ನಡುವೆ ದಾಟುತ್ತಾನೆ. ಸೆರೆಯಲ್ಲಿರುವ ರಾಜಕುಮಾರಿಯನ್ನು ಬಿಡಿಸಲು ಇಡೀ ಆಟಕ್ಕೆ ಅರುವತ್ತು ನಿಮಿಷ. ಎಷ್ಟು ಸಲ ಸತ್ತರೂ ಆಡಬಹುದು, ಆದರೆ ಗಡಿಯಾರ ನಿಲ್ಲುವುದಿಲ್ಲ. ಪ್ರತಿ ಜಿಗಿತದ ಹಿಂದೆಯೂ ಆ ಸದ್ದಿಲ್ಲದ ಒತ್ತಡ ಇರುತ್ತದೆ. ದೇಹದ ತೂಕ, ಕಾಲದ ಒತ್ತಡ: ಈ ಸರಣಿಯ ಜೀವ ಇರುವುದು ಇವೆರಡರಲ್ಲಿ.

ಇನ್ನೊಂದು ಸಂಗತಿಯೂ ಇದೆ, ಅದು ನನಗೆ ಬಹಳ ಪ್ರಿಯವಾದದ್ದು. ಆಟದಲ್ಲಿ ಹೊಡೆದಾಟ ಬೇಕು ಎಂದು ಮೆಕ್ನರ್ ಅವರ ಗೆಳತಿ ಟೋಮಿ ಪಿಯರ್ಸ್ ಒತ್ತಾಯಿಸುತ್ತಲೇ ಇದ್ದರಂತೆ. ಆದರೆ ಕಂಪ್ಯೂಟರಿನ ನೆನಪಿನಲ್ಲಿ ಹೊಸ ಶತ್ರುವಿನ ಚಿತ್ರಗಳಿಗೆ ಜಾಗವೇ ಇರಲಿಲ್ಲ. ಆಗ ಮೆಕ್ನರ್ ರಾಜಕುಮಾರನ ಚಿತ್ರಗಳನ್ನೇ ತೆಗೆದುಕೊಂಡು, ಅವುಗಳ ಬಿಟ್‌ಗಳನ್ನು ಲೆಕ್ಕದ ಮೂಲಕ ತಿರುವಿ, ಮಿನುಗುವ ನೆರಳು ಮನುಷ್ಯನೊಬ್ಬನನ್ನು ಪಡೆದರು. ನಾಲ್ಕನೆಯ ಹಂತದಲ್ಲಿ ದಾರಿಗೆ ಅಡ್ಡವಾಗಿ ಕನ್ನಡಿಯೊಂದು ನಿಲ್ಲುತ್ತದೆ. ಓಡಿ ಬಂದು ಅದರೊಳಗೆ ಹಾರಿದರೆ ನೀವು ಈ ಕಡೆಗೆ, ನಿಮ್ಮ ನೆರಳು ಆ ಕಡೆಗೆ. ಮುಂದೆ ಅದೇ ನೆರಳು ನೀವು ಕುಡಿಯಬೇಕಾದ ಮದ್ದನ್ನು ಕದ್ದು ಕುಡಿಯುತ್ತದೆ, ನೀವು ದಾಟಬೇಕಾದ ಬಾಗಿಲನ್ನು ಮುಚ್ಚಿ ನಿಮ್ಮನ್ನು ಕೆಳಕ್ಕೆ ಬೀಳಿಸುತ್ತದೆ. ಹನ್ನೆರಡನೆಯ ಹಂತದಲ್ಲಿ ಕತ್ತಿ ಹಿಡಿದು ಎದುರಿಗೇ ನಿಲ್ಲುತ್ತದೆ. ನೀವು ಅದನ್ನು ಇರಿದರೆ ನಿಮ್ಮ ಜೀವವೇ ಕುಂದುತ್ತದೆ. ಕತ್ತಿಯನ್ನು ಒರೆಗೆ ಸೇರಿಸಿ ಅದರ ಕಡೆಗೆ ನಡೆದರೆ ಇಬ್ಬರೂ ಒಂದಾಗುತ್ತೀರಿ, ಅಲ್ಲಿಯವರೆಗೆ ಶೂನ್ಯವಾಗಿದ್ದ ಕಡೆ ಕಾಲಡಿಗೆ ನೆಲ ಮೂಡುತ್ತದೆ. ಒಂದು ಸಾಲು ವಿವರಣೆಯಿಲ್ಲ, ಮಾತಿಲ್ಲ. ಜಾಗದ ಕೊರತೆಯಿಂದ ಹುಟ್ಟಿದ ಈ ಕಲ್ಪನೆಯ ಎತ್ತರಕ್ಕೆ ಇವತ್ತಿನ ಕೋಟಿಗಟ್ಟಲೆ ಖರ್ಚಿನ ಆಟಗಳಲ್ಲಿ ಏರಿದವು ಬಹಳ ಕಡಿಮೆ.

1990ರಲ್ಲಿ ಆಗಿನ ಸಾಮಾನ್ಯ ಪಿಸಿಗಳಲ್ಲಿ ಓಡುವ ಡಾಸ್ ಆವೃತ್ತಿ ಬಂತು. ನಮ್ಮೂರುಗಳಿಗೆ ರಾಜಕುಮಾರ ಬಂದದ್ದು ಅದರ ಮೂಲಕವೇ. ತೊಂಬತ್ತರ ದಶಕದಲ್ಲಿ ತಿಪಟೂರಿನಂಥ ತಾಲೂಕು ಊರುಗಳಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರಗಳು ತಲೆಯೆತ್ತಿದವು. ಬೇಸಿಕ್, ವರ್ಡ್‌ಸ್ಟಾರ್, ಲೋಟಸ್ ಕಲಿಸುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಾಗಿತ್ತು. ಪಾಠದ ಸಮಯ ಮುಗಿಯಲು ಹತ್ತು ನಿಮಿಷವಿದ್ದಾಗ ಯಾರೋ ಫ್ಲಾಪಿ ಹಾಕುತ್ತಿದ್ದರು, ಮೂರು ನಾಲ್ಕು ಜನ ಒಂದೇ ಪರದೆಗೆ ಮುಖವಿಟ್ಟು ಕೂರುತ್ತಿದ್ದೆವು. ‘ಪ್ರಿನ್ಸ್ ಮೆಗಾಹಿಟ್’ ಎಂದು ಟೈಪ್ ಮಾಡಿ ಆಟ ತೆರೆದರೆ ಹಂತಗಳನ್ನು ದಾಟಿ ಮುಂದೆ ಹೋಗಬಹುದು ಎಂಬ ಗುಟ್ಟು ಊರಿಂದ ಊರಿಗೆ ಹೇಗೆ ಹಬ್ಬಿತೋ, ಯಾರು ಮೊದಲು ತಂದರೋ. ಆ ಫ್ಲಾಪಿಗಳೆಲ್ಲ ನಕಲು ಪ್ರತಿಗಳು. ಕೊಂಡು ಆಡೋಣವೆಂದರೆ ಅದನ್ನು ಮಾರುವ ಅಂಗಡಿಯೇ ಇರಲಿಲ್ಲ. ಹಾಗಾಗಿ ಈ ಸರಣಿಯ ಯಾವ ಮಾರಾಟದ ಲೆಕ್ಕದಲ್ಲಿಯೂ ನಾವು ಇಲ್ಲ. ಎಂಟನೆಯ ಹಂತದಲ್ಲಿ ಬಾಗಿಲು ಮುಚ್ಚಿ ದಿಕ್ಕುಗಾಣದೆ ನಿಂತಾಗ ರಾಜಕುಮಾರಿ ಕಳಿಸಿದ ಬಿಳಿ ಇಲಿಯೊಂದು ಬಂದು ಗುಂಡಿಯೊತ್ತುತ್ತದೆಯಲ್ಲ, ಅದನ್ನು ಮೊದಲ ಸಲ ಕಂಡಾಗ ಇಡೀ ಕೋಣೆ ಕೂಗಿಕೊಂಡಿತ್ತು. ಆ ಕೋಣೆಯಲ್ಲಿ ಇದ್ದವರನ್ನು ಅಭಿಮಾನಿಗಳಲ್ಲ ಎಂದು ಯಾರಾದರೂ ಹೇಳಬಲ್ಲರೇ?

ನಡುವೆ 1993ರಲ್ಲಿ ಎರಡನೆಯ ಭಾಗ ಬಂತು, 1999ರಲ್ಲಿ ಮೂರು ಆಯಾಮದ ಆಟವೊಂದು ಬಂದು ಬಿದ್ದುಹೋಯಿತು. ಅದರ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ. ಆಮೇಲೆ ಯೂಬಿಸಾಫ್ಟ್ ಹಕ್ಕು ಪಡೆದು ಮಾಂಟ್ರಿಯಲ್ ಸ್ಟುಡಿಯೋಗೆ ಕೆಲಸ ಒಪ್ಪಿಸಿತು. ಪಾತ್ರೀಸ್ ದೆಸಿಲೆ ಮುಂದಾಳು, ಕಥೆ ಬರೆಯಲು ಸ್ವತಃ ಮೆಕ್ನರ್. 2003ರಲ್ಲಿ ‘ಸ್ಯಾಂಡ್ಸ್ ಆಫ್ ಟೈಮ್’ ಬಂತು.

ಈ ಆಟದ ಬಗ್ಗೆ ನಾನು ತಕ್ಕಡಿ ಹಿಡಿದು ಮಾತನಾಡಲಾರೆ. ಹೊಡೆದಾಟ ಬೇಸರ ತರಿಸುತ್ತದೆ, ಮರಳು ಸೈನಿಕರು ಮುಗಿಯುವುದೇ ಇಲ್ಲ ಎಂದು ಅಂದೂ ಹೇಳಿದರು, ಇಂದೂ ಹೇಳುತ್ತಾರೆ. ನಿಜವೇ. ಆದರೆ ಸಾವಿಗೆ ಅದು ಕಂಡುಕೊಂಡ ಉತ್ತರ ಎಷ್ಟು ಸುಂದರ! ರಾಜಕುಮಾರನ ಬಳಿ ಕಾಲದ ಬಾಕು ಇದೆ. ತಪ್ಪು ಜಿಗಿತ ಜಿಗಿದರೆ ಗುಂಡಿಯೊತ್ತಿ ಕಾಲವನ್ನು ಹಿಂದಕ್ಕೆ ಸುತ್ತಬಹುದು. ಬಾಕುವಿನಲ್ಲಿ ಮರಳು ಮುಗಿದು ಸತ್ತರೆ? ಆಟವೆಲ್ಲ ರಾಜಕುಮಾರ ಯಾರಿಗೋ ಹೇಳುತ್ತಿರುವ ಕಥೆ. ಹಾಗಾಗಿ ಅವನ ದನಿ ನಡುವೆ ಬಂದು, ಇಲ್ಲ, ಇಲ್ಲ, ನಡೆದದ್ದು ಹಾಗಲ್ಲ ಎನ್ನುತ್ತದೆ, ಆಟ ಹಿಂದಿನ ಜಾಗದಿಂದ ಮತ್ತೆ ಶುರುವಾಗುತ್ತದೆ. ನಿಮ್ಮ ಸೋಲು ಕಥೆ ಹೇಳುವವನ ನಾಲಿಗೆ ತಪ್ಪಿದ್ದು, ಅಷ್ಟೆ. 1989ರಲ್ಲಿ ಕಾಲ ಆಟಗಾರನನ್ನು ಅಟ್ಟುತ್ತಿತ್ತು, ಇಲ್ಲಿ ಕಾಲ ಅವನ ಕೈಗೆ ಬಂತು. ಹೆಸರನ್ನು ಅಳಿಸಿ ಕೊಟ್ಟಿದ್ದರೂ ಇದು ಅದೇ ಆಟದ ಮುಂದುವರಿಕೆ ಎಂದು ಗುರುತು ಹಿಡಿಯಬಹುದಿತ್ತು.

ಕಥೆ ಶುರುವಾಗುವುದು ಭಾರತದಲ್ಲಿ. ರಾಜಕುಮಾರನೂ ಅವನ ತಂದೆಯೂ ಇಲ್ಲಿನ ಮಹಾರಾಜನೊಬ್ಬನ ಅರಮನೆಯನ್ನು ಸೂರೆ ಮಾಡುತ್ತಾರೆ, ಬಾಕು ಸಿಗುವುದು ಅಲ್ಲಿಯೇ. ಮಹಾರಾಜನ ಮಗಳು ಫರಾ ಮುಂದೆ ರಾಜಕುಮಾರನ ಜೊತೆಗಾತಿಯಾಗುತ್ತಾಳೆ. ಭಯವಾದಾಗ ಹೇಳಿಕೊಳ್ಳಲೆಂದು ಅಮ್ಮ ಕಲಿಸಿದ ಗುಟ್ಟಿನ ಮಾತೊಂದು ಅವಳ ಬಳಿ ಇದೆ, ‘ಕಾಕೋಲೂಕೀಯಂ’. ಪಂಚತಂತ್ರದ ಮೂರನೆಯ ತಂತ್ರದ ಹೆಸರು! ಮಾಂಟ್ರಿಯಲ್‌ನಲ್ಲಿ ತಯಾರಾದ ಆಟದಲ್ಲಿ ಕಾಗೆ ಗೂಬೆಗಳ ನಮ್ಮ ಹಳೆಯ ಕಥೆ ಬಂದು ಕೂತದ್ದು ಕಂಡು ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಕೊನೆಯಲ್ಲಿ ಕಾಲ ಹಿಂದಕ್ಕೆ ಸುತ್ತಿ ಎಲ್ಲವೂ ಆಗದೇ ಉಳಿದಾಗ, ಫರಾಗೆ ರಾಜಕುಮಾರ ಯಾರೋ ಅಪರಿಚಿತ. ನಿನ್ನ ಹೆಸರೇನು ಎಂದು ಅವಳು ಕೇಳುತ್ತಾಳೆ, ಅವನು ಆ ಮಾತನ್ನೇ ಹೆಸರಾಗಿ ಹೇಳಿ ಹೊರಟುಹೋಗುತ್ತಾನೆ. ಆಟಗಾರನಿಗೆ ಮಾತ್ರ ಗೊತ್ತಿರುವ ಪ್ರೀತಿಯದು. ಅದನ್ನು ಆಡಿ ಮುಗಿಸಿದವರು ಈ ಸರಣಿಯನ್ನು ಬಿಡಲಾರರು.

ವಿಮರ್ಶಕರು ಹೊಗಳಿದರು, ಆದರೆ ಹೊಗಳಿಕೆಯ ವೇಗದಲ್ಲಿ ಮಾರಾಟ ಏರಲಿಲ್ಲ. ಒಂದೇ ವರ್ಷದಲ್ಲಿ, 2004ರ ಕೊನೆಗೆ, ‘ವಾರಿಯರ್ ವಿದಿನ್’ ಬಂತು. ತಮಾಷೆಯಾಗಿ, ಸ್ವಲ್ಪ ಜಂಬದಿಂದ, ತನ್ನಷ್ಟಕ್ಕೆ ಗೊಣಗಿಕೊಳ್ಳುತ್ತಿದ್ದ ಹುಡುಗ ಹೋಗಿ, ಹಲ್ಲು ಕಡಿಯುವ, ರಕ್ತ ಹರಿಸುವ ಗಂಡಸು ಬಂದಿದ್ದ. ಧ್ವನಿ ಕೊಟ್ಟ ನಟರೂ ಬದಲಾಗಿದ್ದರು. ಹಿನ್ನೆಲೆಗೆ ಗಾಡ್‌ಸ್ಮ್ಯಾಕ್ ತಂಡದ ಅಬ್ಬರದ ರಾಕ್ ಸಂಗೀತ. ಹೊಡೆದಾಟ ಚೆನ್ನಾಗಿಲ್ಲ ಎಂಬ ದೂರನ್ನು ಕಂಪನಿ ಕೇಳಿಸಿಕೊಂಡಿತ್ತು, ಆದರೆ ಆ ದೂರು ಕೊಟ್ಟವರು ಉಳಿದದ್ದನ್ನೆಲ್ಲ ಯಾಕೆ ಪ್ರೀತಿಸಿದ್ದರು ಎಂದು ಕೇಳಿರಲಿಲ್ಲ. ಮೆಕ್ನರ್ ಈ ಆಟದಲ್ಲಿ ಭಾಗಿಯಾಗಿರಲಿಲ್ಲ. ಅದರ ಕಲೆಯ ಧಾಟಿಯೂ ಹಿಂಸೆಯೂ ತನಗೆ ಹಿಡಿಸಲಿಲ್ಲ ಎಂದು ಮುಂದೆ ಬಹಿರಂಗವಾಗಿಯೇ ಹೇಳಿದರು.

ಇಲ್ಲಿಯೇ ನನಗೂ ನನ್ನ ಹಳೆಯ ಗೆಳೆಯನಿಗೂ ಇಪ್ಪತ್ತು ವರ್ಷದಿಂದ ಮುಗಿಯದ ಜಗಳ. ಅವನಿಗೆ ‘ವಾರಿಯರ್ ವಿದಿನ್’ ಬಿಟ್ಟರೆ ಬೇರೆ ರಾಜಕುಮಾರನಿಲ್ಲ. ಬೆಂಗಳೂರಿನಲ್ಲಿ ಕಾಲೇಜು ಸೇರಿದ ವರ್ಷ ಅವನು ಮೊದಲು ಆಡಿದ್ದು ಅದನ್ನೇ. ನೀನು ದಹಾಕನಿಂದ ತಪ್ಪಿಸಿಕೊಂಡು ಓಡಿದ್ದೀಯಾ, ಹೇಳು ಎಂದು ಅವನು ಕೇಳುತ್ತಾನೆ. ಓಡಿದ್ದೇನೆ. ಕಾಲದ ಜೊತೆ ಆಟವಾಡಿದವನನ್ನು ಶಿಕ್ಷಿಸಲು ಬರುವ ಆ ಕಪ್ಪು ದೈತ್ಯ ಬೆನ್ನು ಹತ್ತಿದಾಗ ಪರದೆಯ ಬಣ್ಣವೇ ಇಂಗುತ್ತದೆ, ಕೈ ತಾನಾಗಿ ಬಿಗಿಯಾಗುತ್ತದೆ. ಒಂದೇ ಕೋಟೆಯನ್ನು ಹಿಂದಿನ ಕಾಲದಲ್ಲಿಯೂ ಇಂದಿನ ಕಾಲದಲ್ಲಿಯೂ ದಾಟಬೇಕಾದ ಅದರ ವಿನ್ಯಾಸವೂ ಅದ್ಭುತ. ಗೆಳೆಯನ ವಾದವನ್ನು ನಾನು ಇಷ್ಟು ಮಾತ್ರ ಒಪ್ಪುತ್ತೇನೆ: ಮೇಲಿನ ಬಣ್ಣ ಕೆಟ್ಟಿತ್ತು, ಒಳಗಿನ ಎಲುಬು ಗಟ್ಟಿಯಾಗಿತ್ತು. ದಹಾಕ ಎಂದರೆ 1989ರ ಆ ಗಡಿಯಾರಕ್ಕೇ ಕೈಕಾಲು ಬಂದದ್ದು. ಅಂದರೆ ಅವನು ಪ್ರೀತಿಸಿದ್ದೂ ನಾನು ಪ್ರೀತಿಸಿದ್ದೂ ಒಂದೇ ಎಂದು ಹೇಳಿದರೆ ಅವನು ಒಪ್ಪುವುದಿಲ್ಲ. ಅವನಿಗೆ ಆ ರಾಕ್ ಸಂಗೀತವೂ ಬೇಕು.

2005ರ ‘ದಿ ಟೂ ಥ್ರೋನ್ಸ್’ ಎರಡೂ ಕಡೆಯವರನ್ನು ಸಮಾಧಾನ ಮಾಡಲು ಹೊರಟ ಆಟ. ರಾಜಕುಮಾರನನ್ನೇ ಎರಡು ಪಾಲು ಮಾಡಿ, ಒಳ್ಳೆಯವನು ಒಬ್ಬ, ಕತ್ತಲಿನವನು ಇನ್ನೊಬ್ಬ ಎಂದು ಹಂಚಿತು. ಹಳೆಯ ಧ್ವನಿ ಯೂರಿ ಲೋವೆಂಥಾಲ್ ಮರಳಿ ಬಂದರು. ಚೆನ್ನಾಗಿಯೇ ಇತ್ತು.

2008ರ ಆಟದ ಬಗ್ಗೆ ಮಾತ್ರ ಅಭಿಮಾನಿಗಳು ಅನ್ಯಾಯ ಮಾಡಿದರು ಎಂದೇ ನನ್ನ ಅಭಿಪ್ರಾಯ. ಕೈಯಿಂದ ಬರೆದ ಚಿತ್ರಗಳಂತೆ ಕಾಣುವ ಹೊಸ ಜಗತ್ತು, ಹೆಸರಿಲ್ಲದ ಹೊಸ ನಾಯಕ, ಅವನ ಜೊತೆಗಾತಿ ಎಲಿಕಾ. ಜಿಗಿತ ತಪ್ಪಿ ಬೀಳುವಾಗ ಎಲಿಕಾ ಕೈಹಿಡಿದು ಮೇಲಕ್ಕೆ ತರುತ್ತಾಳೆ. ಸಾವೇ ಇಲ್ಲದ ಆಟ, ಮಕ್ಕಳಾಟ ಎಂದು ಕೂಗಿದರು. ಬೇರೆ ಆಟಗಳಲ್ಲಿ ಸತ್ತರೆ ಪರದೆ ಕಪ್ಪಾಗುತ್ತದೆ, ನಾಲ್ಕು ಕ್ಷಣ ಕಾದ ಮೇಲೆ ಹಿಂದಿನ ಜಾಗಕ್ಕೆ ಮರಳುತ್ತೀರಿ. ಎಲಿಕಾ ಮಾಡುವುದೂ ಅದನ್ನೇ, ಕಪ್ಪು ಪರದೆ ಇಲ್ಲದೆ. ಅವಳು ಮತ್ತೆ ಮತ್ತೆ ಕೈಹಿಡಿದದ್ದಕ್ಕೇ ಆಟದ ಕೊನೆ ಅಷ್ಟು ಭಾರವಾಗುವುದು. ಇಡೀ ಆಟದಲ್ಲಿ ನೀವು ಕಷ್ಟಪಟ್ಟು ಬಂಧಿಸಿದ ಕತ್ತಲಿನ ದೇವತೆಯನ್ನು, ಸತ್ತ ಎಲಿಕಾಳನ್ನು ಬದುಕಿಸಲೆಂದು ನಾಯಕ ತಾನೇ ಬಿಡಿಸುತ್ತಾನೆ. ಅದನ್ನು ಬಂಧಿಸಿಟ್ಟ ಮರಗಳನ್ನು ಒಂದೊಂದಾಗಿ ಕಡಿಯಬೇಕಾದವರು ನೀವೇ, ಗುಂಡಿಯೊತ್ತುವುದು ನಿಮ್ಮ ಬೆರಳೇ. ಇಷ್ಟು ಧೈರ್ಯದ ಕೊನೆಯನ್ನು ದೊಡ್ಡ ಕಂಪನಿಯೊಂದರ ಆಟದಲ್ಲಿ ನಾನು ಆಮೇಲೆ ಕಂಡದ್ದು ಅಪರೂಪ. ಮುಂದಿನ ಕಥೆಯನ್ನು ‘ಎಪಿಲಾಗ್’ ಎಂಬ ಹೆಚ್ಚುವರಿ ಭಾಗವಾಗಿ ಪ್ರತ್ಯೇಕ ಮಾರಿದರು, ಅದು ಕಂಪ್ಯೂಟರಿನಲ್ಲಿ ಆಡುವವರಿಗೆ ಬರಲೇ ಇಲ್ಲ. ಎರಡನೆಯ ಭಾಗವೂ ಬರಲಿಲ್ಲ. ಗದ್ದಲ ಕೇಳಿ ಹಿಂದೆ ಸರಿದರು. ಇವತ್ತು ಅದೇ ಆಟಕ್ಕಾಗಿ ಹಂಬಲಿಸುವವರು ಎಷ್ಟು ಜನ!

ಅಷ್ಟರಲ್ಲಿ ಮನೆಯೊಳಗೇ ಪ್ರತಿಸ್ಪರ್ಧಿ ಬೆಳೆದಿದ್ದ. ‘ಅಸಾಸಿನ್ಸ್ ಕ್ರೀಡ್’ ಮೊದಲಿಗೆ ಶುರುವಾದದ್ದು ಪ್ರಿನ್ಸ್ ಆಫ್ ಪರ್ಷಿಯಾ ಸರಣಿಯ ಆಟವಾಗಿಯೇ. ದೆಸಿಲೆ ಅವರ ತಂಡ ರಾಜಕುಮಾರನನ್ನು ಬದಿಗಿಟ್ಟು ಅವನನ್ನು ಕಾಯುವ ಕೊಲೆಗಾರನನ್ನು ನಾಯಕನನ್ನಾಗಿ ಮಾಡಿಕೊಂಡಿತು. 2007ರಲ್ಲಿ ಅದು ಬೇರೆಯೇ ಹೆಸರಿನಲ್ಲಿ ಹೊರಬಂತು. ಗೋಡೆ ಹತ್ತುವ, ಮಾಳಿಗೆಯಿಂದ ಮಾಳಿಗೆಗೆ ಹಾರುವ ಸುಖವೆಲ್ಲ ಅಲ್ಲಿಗೆ ಹೋಯಿತು, ಹಣವೂ ಅಲ್ಲಿಗೇ ಹೋಯಿತು. 2010ರಲ್ಲಿ ಹಾಲಿವುಡ್ ಚಿತ್ರ ಬಂದಾಗ ಜೊತೆಗೊಂದು ಆಟ ಬಂತು. ಆಮೇಲೆ ದೊಡ್ಡ ಆಟವೊಂದಕ್ಕೆ ಹದಿನಾಲ್ಕು ವರ್ಷ ಕಾಯಬೇಕಾಯಿತು.

ಈ ಮೌನದ ನಡುವೆಯೇ 2020ರಲ್ಲಿ ರೀಮೇಕ್ ಘೋಷಣೆಯಾದದ್ದು. ಕಟ್ಟುವವರು ಯೂಬಿಸಾಫ್ಟ್‌ನ ಪುಣೆ ಮತ್ತು ಮುಂಬೈ ಸ್ಟುಡಿಯೋಗಳು. ಪುಣೆಯದು 2008ರಿಂದ ಇದೆ, ಮುಂಬೈಯದು 2018ರಲ್ಲಿ ಶುರುವಾಯಿತು. ಬೇರೆಯವರ ಆಟಗಳಿಗೆ ನೆರವಾಗುತ್ತ, ಪರೀಕ್ಷೆ ಮಾಡುತ್ತ ಬಂದವರಿಗೆ ಇಷ್ಟು ದೊಡ್ಡ ಹೆಸರಿನ ಆಟವನ್ನು ಮುಂದೆ ನಿಂತು ಕಟ್ಟುವ ಅವಕಾಶ. ಭಾರತದಲ್ಲಿ ಆರಂಭವಾಗುವ ಕಥೆ, ಭಾರತದಲ್ಲಿಯೇ ಮತ್ತೆ ಕಟ್ಟಲಾಗುತ್ತದೆ ಎಂದು ನಾನು ನಾಲ್ಕಾರು ಜನರಿಗೆ ಫೋನ್ ಮಾಡಿ ಹೇಳಿದ್ದೆ. ಟ್ರೈಲರ್ ಬಂತು. ಮುಖಗಳು ಹಳೆಯ ಕಾಲದ ಆಟದಂತೆ ಕಂಡವು, ಬೆಳಕು ಸಪ್ಪೆಯಾಗಿತ್ತು. ಟೀಕೆ ಬಂದದ್ದು ಸಹಜ. ಆದರೆ ಟೀಕೆ ಅಲ್ಲಿಗೇ ನಿಲ್ಲಲಿಲ್ಲ. ಭಾರತದವರಿಗೆ ಕೊಟ್ಟರೆ ಹೀಗೇ ಆಗುವುದು ಎಂಬ ಧಾಟಿಯ ಮಾತುಗಳನ್ನು ಓದಿ ಹೊಟ್ಟೆ ತೊಳಸಿತು.

ಆ ಆಟದ ಬೆಲೆ 40 ಡಾಲರ್ ಎಂದು ಗೊತ್ತುಮಾಡಿದ್ದರು, ಆ ಕಾಲದ ದೊಡ್ಡ ಆಟಗಳಿಗೆ ಇದ್ದ 60 ಅಲ್ಲ. ಘೋಷಣೆಯಿಂದ ಬಿಡುಗಡೆಗೆ ನಾಲ್ಕೇ ತಿಂಗಳು. ಅಂದರೆ ಕಂಪನಿಯ ಲೆಕ್ಕದಲ್ಲಿ ಅದು ಸಣ್ಣ ಖರ್ಚಿನ, ಬೇಗ ಮುಗಿಸುವ ಕೆಲಸವಾಗಿತ್ತು. ಅಭಿಮಾನಿಗಳ ಲೆಕ್ಕದಲ್ಲಿ ಅದು ಬಾಲ್ಯದ ಅರಮನೆ. ಈ ಎರಡು ಲೆಕ್ಕಗಳ ನಡುವಿನ ಅಂತರವನ್ನು ಪುಣೆ ಮುಂಬೈಯ ಕೆಲಸಗಾರರ ತಲೆಗೆ ಕಟ್ಟಿದ್ದು ಸರಿಯಲ್ಲ. ಟೀಕೆಗೆ ಬೆದರಿ ಆಟವನ್ನು ಮುಂದೂಡಿದರು, ಮಾಂಟ್ರಿಯಲ್‌ಗೆ ಸಾಗಿಸಿದರು, ಕೊನೆಗೆ ಕೈಬಿಟ್ಟರು. ಸಾಧಾರಣವಾಗಿಯೇ ಇರಲಿ, ಮುಗಿದ ಆಟವೊಂದು ಕೈಗೆ ಬಂದಿದ್ದರೆ ನಮ್ಮ ಹುಡುಗರ ಹೆಸರು ಅದರ ಕೊನೆಯಲ್ಲಿ ಮೇಲೇರುತ್ತಿತ್ತು. ಐದಾರು ವರ್ಷಗಳ ದುಡಿಮೆಯಲ್ಲಿ ಆಟಗಾರನಿಗೆ ಸಿಕ್ಕಿದ್ದು ಏನೂ ಇಲ್ಲ. ಮಾಡಿದವರಿಗೆ ತೋರಿಸಲೂ ಏನೂ ಉಳಿಯಲಿಲ್ಲ, ಅದು ನನಗೆ ಇನ್ನೂ ಹೆಚ್ಚು ನೋವು ತರುತ್ತದೆ.

2024ರ ಜನವರಿಯಲ್ಲಿ ‘ದಿ ಲಾಸ್ಟ್ ಕ್ರೌನ್’ ಬಂತು, ಫ್ರಾನ್ಸಿನ ಮೋಂಪೆಲಿಯೆ ಸ್ಟುಡಿಯೋದಿಂದ. ಹಿಂದಿನ ವರ್ಷ ಅದರ ಮೊದಲ ಟ್ರೈಲರ್ ಬಂದಾಗಲೂ ಗದ್ದಲವೇ. ಹಿನ್ನೆಲೆಯ ಹಾಡು ಸರಿಯಿಲ್ಲ, ಪಕ್ಕದಿಂದ ನೋಡುವ ಆಟ ನಮಗೆ ಬೇಡ, ನಾಯಕ ಸಾರ್ಗಾನ್ ರಾಜಕುಮಾರನೇ ಅಲ್ಲ. ಪಕ್ಕದಿಂದ ನೋಡುವ ಆಟವಾಗಿಯೇ ಈ ಸರಣಿ ಹುಟ್ಟಿತು ಎಂಬುದನ್ನು ಆ ಗದ್ದಲದಲ್ಲಿ ನೆನೆದವರು ಕಡಿಮೆ. ಆಡಲು ಕೂತ ಮೇಲೆ ನನಗೆ ಮೊದಲ ಅರ್ಧ ಗಂಟೆಯಲ್ಲಿಯೇ ಗೊತ್ತಾಯಿತು, ಇದನ್ನು ಕಟ್ಟಿದವರು ಹಳೆಯ ಆಟವನ್ನು ಅಂಗೈಯಲ್ಲಿಟ್ಟು ನೋಡಿದ್ದಾರೆ ಎಂದು. ಖಾಫ್ ಪರ್ವತದಲ್ಲಿ ಕಾಲ ಮುರಿದುಬಿದ್ದಿದೆ. ಸಿಮುರ್ಗ್ ಹಕ್ಕಿಯ ವರದಿಂದ ಸಾರ್ಗಾನ್ ತನ್ನ ನೆರಳೊಂದನ್ನು ಒಂದೆಡೆ ಬಿಟ್ಟು ಮುಂದೆ ಹೋಗಿ, ಬೇಕಾದಾಗ ಅಲ್ಲಿಗೆ ಹಿಂದಿರುಗಬಲ್ಲ. ಜಾಗವಿಲ್ಲದೆ ಹುಟ್ಟಿದ ಆ ನೆರಳು ಮೂವತ್ತೈದು ವರ್ಷದ ಮೇಲೆ ಶಕ್ತಿಯಾಗಿ ಮರಳಿತ್ತು! ದಾರಿ ತಪ್ಪಿಸುವ ದೊಡ್ಡ ಕೋಟೆಯಲ್ಲಿ ಒಂದು ಜಾಗದ ಚಿತ್ರ ತೆಗೆದು ನಕ್ಷೆಯ ಮೇಲೆ ಅಂಟಿಸಿಕೊಳ್ಳುವ ಸೌಲಭ್ಯ ಕೊಟ್ಟರು; ಅಷ್ಟು ಉಪಯುಕ್ತವಾದ ಇನ್ನೊಂದು ಯೋಚನೆಯನ್ನು ಇತ್ತೀಚೆಗೆ ಈ ಬಗೆಯ ಆಟಗಳಲ್ಲಿ ನಾನು ಕಂಡಿಲ್ಲ. ಪಾತ್ರಗಳು ಪಾರ್ಸಿ ಭಾಷೆಯಲ್ಲಿ ಮಾತನಾಡುವ ಆಯ್ಕೆಯನ್ನೂ ಕೊಟ್ಟರು. ಪರ್ಷಿಯಾದ ಹೆಸರು ಹೊತ್ತ ಸರಣಿಗೆ ಪರ್ಷಿಯಾದ ನುಡಿ ಸಿಗಲು ಅಷ್ಟು ಕಾಲ ಬೇಕಾಯಿತು.

ವಿಮರ್ಶೆಗಳು ಚೆನ್ನಾಗಿ ಬಂದವು, ಮಾರಾಟ ಕಂಪನಿಯ ನಿರೀಕ್ಷೆಯನ್ನು ಮುಟ್ಟಲಿಲ್ಲ. ಕಂಪ್ಯೂಟರ್ ಆಟಗಾರರು ಸಾಮಾನ್ಯವಾಗಿ ಕೊಳ್ಳುವ ಸ್ಟೀಮ್ ಅಂಗಡಿಗೆ ಅದು ಬಂದದ್ದೇ ಆಗಸ್ಟ್‌ನಲ್ಲಿ, ಮಾತೆಲ್ಲ ತಣ್ಣಗಾದ ಮೇಲೆ. ಅಕ್ಟೋಬರ್ ಹೊತ್ತಿಗೆ ತಂಡವನ್ನು ಒಡೆದು ಬೇರೆ ಬೇರೆ ಯೋಜನೆಗಳಿಗೆ ಹಂಚಿದ ಸುದ್ದಿ ಬಂತು. ನನಗೆ ಇದು ರೀಮೇಕ್ ರದ್ದಾದದ್ದಕ್ಕಿಂತ ದೊಡ್ಡ ನಷ್ಟ. ಒಂದು ಆಟ ಮಾಡುವುದರಲ್ಲಿ ತಂಡವೊಂದು ಕಲಿತದ್ದು ಯಾವ ಕಡತದಲ್ಲಿಯೂ ಉಳಿಯುವುದಿಲ್ಲ, ಅದು ಇರುವುದು ಆ ಜನರ ನಡುವೆ. ಜಿಗಿತದ ತೂಕ ಎಷ್ಟಿರಬೇಕು ಎಂದು ನೂರು ಸಲ ಜಗಳವಾಡಿ ಒಪ್ಪಿಕೊಂಡವರನ್ನು ಬೇರೆ ಬೇರೆ ಮೇಜುಗಳಿಗೆ ಕಳಿಸಿದರೆ, ಮುಂದಿನ ಸಲ ಮತ್ತೆ ಮೊದಲಿನಿಂದ ಜಗಳವಾಡಬೇಕು. ಸರಣಿ ಎಂದರೆ ಹೆಸರು ಮತ್ತು ಹಕ್ಕುಪತ್ರ ಎಂದು ಉದ್ಯಮ ತಿಳಿದಿದೆ. ನನ್ನ ಮಟ್ಟಿಗೆ ಸರಣಿ ಎಂದರೆ ಆ ಜಗಳದ ನೆನಪು.

ಹಾಗಾದರೆ ಈ ನೆನಪನ್ನು ಯಾರು ಕಾಯುತ್ತಿದ್ದಾರೆ? 2012ರಲ್ಲಿ ಮೆಕ್ನರ್ ಅವರ ತಂದೆಗೆ ಮನೆಯಲ್ಲಿ ಹಳೆಯ ಡಿಸ್ಕ್‌ಗಳ ಪೆಟ್ಟಿಗೆಯೊಂದು ಸಿಕ್ಕಿತು. ಅದರಲ್ಲಿ ಆಪಲ್ 2 ಆವೃತ್ತಿಯ ಮೂಲ ಕೋಡ್ ಇತ್ತು, ಕಳೆದೇಹೋಯಿತು ಎಂದುಕೊಂಡಿದ್ದದ್ದು. ಹಳೆಯ ಯಂತ್ರಗಳನ್ನು ಬಲ್ಲವರು ಬಂದು ಅದನ್ನು ಓದಿಸಿಕೊಟ್ಟರು, ಮೆಕ್ನರ್ ಎಲ್ಲರೂ ನೋಡುವಂತೆ ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ ಇಟ್ಟರು. ಡಾಸ್ ಆವೃತ್ತಿಯನ್ನು ಅಭಿಮಾನಿಗಳೇ ಸಾಲು ಸಾಲಾಗಿ ಬಿಡಿಸಿ ಓದಿ, ಇವತ್ತಿನ ಕಂಪ್ಯೂಟರ್‌ಗಳಲ್ಲಿ ಓಡುವಂತೆ ‘ಎಸ್‌ಡಿಎಲ್‌ಪಾಪ್’ ಎಂಬ ಹೆಸರಿನಲ್ಲಿ ಮತ್ತೆ ಬರೆದಿದ್ದಾರೆ. ಹೊಸ ಹಂತಗಳನ್ನು ಕಟ್ಟುವ ಸಲಕರಣೆಗಳೂ ಅವರವೇ. 2003ರ ಆಟ ಇವತ್ತಿನ ಅಗಲ ಪರದೆಯಲ್ಲಿ ಸರಿಯಾಗಿ ಕಾಣಬೇಕೆಂದರೂ ಅಭಿಮಾನಿಗಳು ಬರೆದ ತಿದ್ದುಪಡಿಯನ್ನೇ ಹಾಕಿಕೊಳ್ಳಬೇಕು. ಇದಕ್ಕೆಲ್ಲ ಯಾರೂ ಸಂಬಳ ಕೊಟ್ಟಿಲ್ಲ. ಟ್ರೈಲರ್ ಕೆಳಗೆ ಕೂಗುವವರನ್ನು ತೋರಿಸಿ ‘ಅಭಿಮಾನಿಗಳ ಕಾಟ’ ಎನ್ನುವವರು ಇವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇದೇ ಯೂಬಿಸಾಫ್ಟ್ 2024ರ ಮಾರ್ಚ್ ಕೊನೆಗೆ ‘ದಿ ಕ್ರೂ’ ಎಂಬ ಕಾರು ಓಟದ ಆಟದ ಸರ್ವರ್‌ಗಳನ್ನು ನಿಲ್ಲಿಸಿತು. ಹಣ ಕೊಟ್ಟು ಕೊಂಡವರಿಗೂ ಆಟ ತೆರೆಯದಂತಾಯಿತು. ಅದರಿಂದಲೇ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಹುಟ್ಟಿತು, 2025ರ ಜುಲೈ ಹೊತ್ತಿಗೆ ಯುರೋಪಿನ ನಾಗರಿಕರ ಮನವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಮಾರುವುದನ್ನು ನಿಲ್ಲಿಸಿದರೂ ಕೊಂಡವನು ಆಡಲು ದಾರಿ ಬಿಡಿ ಎಂಬುದಷ್ಟೇ ಅವರ ಬೇಡಿಕೆ. ನಾನು ಈ ಬೇಡಿಕೆಯ ಪರವಾಗಿದ್ದೇನೆ, ಪೂರ್ತಿಯಾಗಿ. ರಾಜಕುಮಾರನ ಹಳೆಯ ಆಟಗಳು ಇವತ್ತಿಗೂ ಓಡುತ್ತಿರುವುದು ಅವು ಯಾವ ಸರ್ವರಿನ ಅಪ್ಪಣೆಯನ್ನೂ ಕೇಳದೆ ಹುಟ್ಟಿದ್ದರಿಂದ. ತಿಪಟೂರಿನ ಆ ಫ್ಲಾಪಿ ಫ್ರಾನ್ಸಿನ ಯಾವುದೋ ಯಂತ್ರವನ್ನು ಕೇಳಿ ತೆರೆಯಬೇಕಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಹೊಸದಾಗಿ ಈ ಸರಣಿಗೆ ಕಾಲಿಡಬೇಕೆನ್ನುವವರು ಯಾವುದರಿಂದ ಶುರುಮಾಡಲಿ ಎಂದು ಕೇಳುತ್ತಾರೆ. ‘ದಿ ಲಾಸ್ಟ್ ಕ್ರೌನ್’ ಕೊಳ್ಳಿ. ಅದು ಮಾರಾಟವಾಗುವುದಿಲ್ಲ ಎಂದು ತೀರ್ಮಾನಿಸಿದವರಿಗೆ ಬೇರೆ ಉತ್ತರವಿಲ್ಲ. ಆರಂಭದಲ್ಲಿಯೇ ಆಯ್ಕೆಗಳಿಗೆ ಹೋಗಿ ಧ್ವನಿಯನ್ನು ಪಾರ್ಸಿಗೆ ಬದಲಿಸಿ, ಕೆಳಗೆ ಇಂಗ್ಲಿಷ್ ಬರಹ ಇಟ್ಟುಕೊಳ್ಳಿ. ಅದು ಮುಗಿದ ಮೇಲೆ 2003ರ ಆಟ, ಹೊಡೆದಾಟದಲ್ಲಿ ಬೇಸರವಾದರೂ ಬಿಡದೆ, ಕೊನೆಯ ಬಾಲ್ಕನಿಯವರೆಗೆ. ‘ವಾರಿಯರ್ ವಿದಿನ್’ ಆಡುವುದಾದರೆ ನನ್ನ ಗೆಳೆಯ ಹೇಳುವಂತೆ ಧ್ವನಿ ಜೋರಾಗಿಟ್ಟು ಆಡಬೇಕಂತೆ. ನಾನು ಸಂಗೀತ ಕಡಿಮೆ ಮಾಡಿಕೊಂಡೇ ಆಡುತ್ತೇನೆ.